ಎರಡು ಬೇಸಿಗೆ ದಾಟಿದರೆ ಗಿಡ

ಕುಂಬಾರವಾಡ ಎಂದ ಕೂಡಲೇ ಬರ ಯಾರಿಗೂ ನೆನಪಾಗದು. ಜೋಯಿಡಾ ತಾಲ್ಲೂಕಿನ ಈ ಊರಿನ ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಕೈಬಿಡುವುದಿಲ್ಲ. ಆದರೂ ಮಳೆಗಾಲದಲ್ಲಿ ಆಸೆಯಿಂದ ನೆಟ್ಟ ಮಾವು, ಹಲಸು, ಗೇರು ಸಸಿಗಳು ಇಂಥ ಊರುಗಳಲ್ಲೂ ಮಾರ್ಚ್–ಏಪ್ರಿಲ್ ಹೊತ್ತಿಗೆ ಕಡ್ಡಿಯಾಗಿ ನಿಲ್ಲುವುದುಂಟು. ಅದೇ ಹಿತ್ತಲಿನಲ್ಲಿ, ನಾಲ್ಕು ಮಾರು ಆಚೆಗೆ, ಹಳೆಯ ಹಲಸಿನ ಮರ ಹಸಿರಾಗಿ ನಿಂತು ಕಾಯಿ ಹೊತ್ತಿರುತ್ತದೆ. ಬಿಸಿಲು ಒಂದೇ, ಮಣ್ಣು ಒಂದೇ. ಒಂದು ಸಾಯುತ್ತದೆ, ಇನ್ನೊಂದು ಫಲ ಕೊಡುತ್ತದೆ.

ವ್ಯತ್ಯಾಸ ಇರುವುದು ಬೇರಿನ ಆಳದಲ್ಲಿ. ಮಳೆ ನಿಂತ ಮೇಲೆ ಮಣ್ಣು ಒಣಗುವುದು ಮೇಲಿನಿಂದ ಕೆಳಕ್ಕೆ. ಡಿಸೆಂಬರ್‌ನಲ್ಲಿ ಮೇಲಿನ ಗೇಣುದ್ದ ಮಣ್ಣು ಆರುತ್ತದೆ, ಫೆಬ್ರುವರಿಗೆ ಒಂದು ಮೊಳ, ಏಪ್ರಿಲ್‌ಗೆ ಇನ್ನೂ ಕೆಳಗೆ. ಹಳೆಯ ಮರದ ಬೇರು ಈ ಒಣಗುವ ಪದರವನ್ನು ದಾಟಿ ಎಂದೋ ಆಳಕ್ಕೆ ಇಳಿದಾಗಿದೆ. ಹೊಸ ಸಸಿಯ ಬೇರು ಇನ್ನೂ ಆ ಪದರದೊಳಗೇ ಇದೆ. ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲೂ ಒಂದು ಮೊಳ ಬೇರಿನ ಸಸಿಯ ಪಾಲಿಗೆ ವರ್ಷದ ಐದಾರು ತಿಂಗಳು ಮರುಭೂಮಿಯೇ.

ಹಾಗಾಗಿ ನಿಜವಾದ ಮರುಭೂಮಿಯಲ್ಲಿ ಹಣ್ಣಿನ ಮರ ಎಬ್ಬಿಸಿದವರು ಕಲಿತ ವಿದ್ಯೆ ಕುಂಬಾರವಾಡಕ್ಕೂ ಬೇಕು, ಹಳಿಯಾಳಕ್ಕೂ ಬೇಕು, ಮುಂಡಗೋಡಕ್ಕೂ ಬೇಕು. ಪೂರ್ವಕ್ಕೆ ಸರಿದಂತೆ ಮಳೆ ಕರಗುತ್ತ ಹೋಗಿ, ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಅದು 200 ಮಿಲಿಮೀಟರಿಗಿಂತಲೂ ಕಡಿಮೆ. ಈ ಎಲ್ಲ ಕಡೆಯೂ ಸಸಿಯ ಮುಂದಿರುವ ಪರೀಕ್ಷೆ ಒಂದೇ: ಮಣ್ಣು ಒಣಗುವ ವೇಗವನ್ನು ಬೇರು ಇಳಿಯುವ ವೇಗ ಮೀರಬೇಕು. ನಾವು ಮಾಡುವ ಪ್ರತಿಯೊಂದು ಕೆಲಸವೂ ಬೇರಿಗೆ ಆ ಓಟದಲ್ಲಿ ನೆರವಾಗುತ್ತಿದೆಯೇ, ಅಡ್ಡಿಯಾಗುತ್ತಿದೆಯೇ ಎಂದು ಕೇಳಿಕೊಂಡರೆ ಅರ್ಧ ತೋಟಗಾರಿಕೆ ಕಲಿತಂತೆ.

ಚೀಲದಲ್ಲಿ ಸುತ್ತಿಕೊಂಡ ಬೇರು

ಅಡ್ಡಿ ಹೆಚ್ಚಾಗಿ ಶುರುವಾಗುವುದು ನರ್ಸರಿಯಲ್ಲಿ. ಪಾಲಿಥಿನ್ ಚೀಲದಲ್ಲಿ ಬಹಳ ದಿನ ಇದ್ದ ಸಸಿಯ ತಾಯಿಬೇರು ತಳ ಮುಟ್ಟಿ, ಮುಂದೆ ದಾರಿ ಕಾಣದೆ ಸುತ್ತು ಹಾಕುತ್ತದೆ. ಸುರುಳಿಯಾದ ಆ ಬೇರನ್ನು ಹಾಗೆಯೇ ನೆಟ್ಟರೆ ನೆಲದಲ್ಲೂ ಅದು ಸುತ್ತುತ್ತಲೇ ದಪ್ಪವಾಗುತ್ತದೆ. ಮೇಲೆ ಎಲೆ ಸೊಂಪಾಗಿ ಕಾಣುತ್ತದೆ, ಕೆಳಗೆ ಬೇರು ಚೀಲದ ಅಳತೆಯಲ್ಲೇ ಉಳಿದಿರುತ್ತದೆ. ಇಂಥ ಸಸಿ ಮೊದಲ ಬೇಸಿಗೆಯಲ್ಲೇ ಕೈಕೊಡುತ್ತದೆ. ಹೇಗೋ ಬದುಕಿದರೂ ಮುಂದೊಂದು ಗಾಳಿಗೆ ಬುಡಸಮೇತ ವಾಲುತ್ತದೆ.

ಸಸಿ ಕೊಳ್ಳುವಾಗ ನಮ್ಮ ಕಣ್ಣು ಎತ್ತರದ ಗಿಡದ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಚೀಲದ ತಳ. ಅಲ್ಲಿಂದ ಬೇರು ಹೊರಬಂದು ನರ್ಸರಿಯ ನೆಲಕ್ಕೆ ಕಚ್ಚಿಕೊಂಡಿದ್ದರೆ, ಕಿತ್ತು ತರುವಾಗ ಆ ಬೇರು ಹರಿದೇ ಬಂದಿರುತ್ತದೆ. ಚಿಕ್ಕ ವಯಸ್ಸಿನ, ಕಾಂಡ ಗಟ್ಟಿಯಾಗಿರುವ, ಚೀಲದೊಳಗೆ ಬೇರು ಇನ್ನೂ ಸುತ್ತದ ಸಸಿಯೇ ಒಣ ನೆಲಕ್ಕೆ ಒಳ್ಳೆಯದು. ನೆಡುವಾಗ ಚೀಲವನ್ನು ಪೂರ್ತಿ ಬಿಚ್ಚಿ, ತಳದಲ್ಲಿ ಸುತ್ತಿಕೊಂಡ ಬೇರುಗಳನ್ನು ಹರಿತ ಕತ್ತರಿಯಿಂದ ತೆಗೆದು, ಉಳಿದವು ನೇರ ಕೆಳಕ್ಕೆ ಮುಖ ಮಾಡುವಂತೆ ಇಳಿಸಬೇಕು.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಮರ ಬೆಳೆಯಬೇಕಾದ ಜಾಗದಲ್ಲೇ ಬೀಜ ಹಾಕುವುದು. ಹಲಸಿನ ತಾಯಿಬೇರು ಎಳೆಯದರಲ್ಲೇ ಆಳಕ್ಕೆ ಧಾವಿಸುತ್ತದೆ, ಕಿತ್ತು ನೆಟ್ಟರೆ ಮುನಿಯುತ್ತದೆ. ಹಲಸಿನ ಬೀಜಕ್ಕೆ ಆಯುಸ್ಸೂ ಕಡಿಮೆ, ಒಣಗಿಸಿ ಇಟ್ಟರೆ ಮೊಳಕೆಯ ಶಕ್ತಿ ಹೋಗುತ್ತದೆ. ಹಣ್ಣು ಮಾಗುವುದು ಮೇ–ಜೂನ್‌ನಲ್ಲಿ, ಮಳೆ ಬರುವುದೂ ಆಗಲೇ. ತಿಂದ ಹಣ್ಣಿನ ಬೀಜವನ್ನು ಆ ವಾರವೇ ಗುಂಡಿಗೆ ಹಾಕಿದರೆ ನಾಲ್ಕು ತಿಂಗಳ ಮಳೆ ಪೂರ್ತಿಯಾಗಿ ಬೇರಿಗೆ ಸಿಗುತ್ತದೆ. ಮಾವಿನ ಓಟೆಗೂ ಇದೇ ಮಾತು. ಗೇರುಬೀಜವನ್ನು ಕೆಲವು ತಿಂಗಳು ಇಟ್ಟುಕೊಳ್ಳಬಹುದು. ಒಂದು ಗುಂಡಿಗೆ ಎರಡು ಬೀಜ ಹಾಕಿ, ಬಲವಾದ ಸಸಿ ಉಳಿಸಿಕೊಳ್ಳಬಹುದು.

ಬೀಜದ ಗಿಡ ತಾಯಿಮರದಂತೆಯೇ ಹಣ್ಣು ಕೊಡುತ್ತದೆಂಬ ಭರವಸೆ ಇಲ್ಲ. ಅದಕ್ಕೆ ಪರಿಹಾರ ಕಸಿ. ಬೀಜದಿಂದ ಎದ್ದ ಗಿಡ ಬೇರು ಬಿಟ್ಟ ಮೇಲೆ, ಮುಂದಿನ ಮಳೆಗಾಲದಲ್ಲಿ ತಾಮ್ರದ ಬಣ್ಣದ ಹೊಸ ಚಿಗುರು ಬಂದಾಗ, ನೆಲದಲ್ಲಿ ನಿಂತಲ್ಲಿಯೇ ಅದಕ್ಕೆ ಬೇಕಾದ ತಳಿಯ ಕಡ್ಡಿಯನ್ನು ಮೃದುಕಾಂಡ ಕಸಿ ಮಾಡಬಹುದು. ಬೇರು ಒಮ್ಮೆಯೂ ಚೀಲ ಕಂಡಿರುವುದಿಲ್ಲ, ಹಣ್ಣು ನಾವು ಬಯಸಿದ್ದೇ ಸಿಗುತ್ತದೆ. ಥಾರ್ ಮರುಭೂಮಿಯ ಅಂಚಿನಲ್ಲಿ ಬಾರೆ ಗಿಡಗಳನ್ನು ಬೆಳೆಸಲು ಹೇಳಿಕೊಡುವ ಕ್ರಮವೂ ಇದೇ. ಜೋಧಪುರದಲ್ಲಿ 1952ರಲ್ಲಿ ಮರುಭೂಮಿ ಅರಣ್ಯೀಕರಣ ಕೇಂದ್ರವಾಗಿ ಆರಂಭಗೊಂಡು 1959ರಲ್ಲಿ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಾದ ಕೇಂದ್ರ, ಕಾಡುಬಾರೆಯ ಆಳವಾದ ಬೇರಿನ ಮೇಲೆ ಗೋಲಾ, ಸೇಬ್‌ನಂಥ ತಳಿಗಳ ಕಣ್ಣು ಕೂರಿಸಿ ಒಣ ನೆಲದಲ್ಲಿ ಹಣ್ಣು ಬೆಳೆಯಬಹುದೆಂದು ತೋರಿಸಿಕೊಟ್ಟಿದೆ.

ಗುಂಡಿಯೇ ಕುಂಡವಾಗಬಾರದು

ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಹಣ್ಣಿನ ಗಿಡದ ಗುಂಡಿಯ ಈ ಅಳತೆ ಎಲ್ಲರಿಗೂ ಗೊತ್ತು. ಯಾವ ಮಣ್ಣಿನಲ್ಲಿ ಅದನ್ನು ಹೇಗೆ ತೋಡಬೇಕೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಜೋಯಿಡಾ ಕಡೆಯ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಮೆತ್ತಗಿದ್ದು ಬಿಸಿಲಿಗೆ ಕಲ್ಲಾಗುತ್ತದೆ. ಅಲ್ಲಿ ಗುಂಡಿ ತೋಡಿ ಗೊಬ್ಬರ ತುಂಬಿದರೆ, ಸುತ್ತಲಿನ ಗಟ್ಟಿ ಗೋಡೆಯ ನಡುವೆ ಅದೊಂದು ದೊಡ್ಡ ಕುಂಡವಾಗುತ್ತದೆ. ಮಳೆಗಾಲದಲ್ಲಿ ನೀರು ಒಳಗೆ ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬೇರು ಗೋಡೆಗೆ ತಲೆ ಹೊಡೆದು ಒಳಗೇ ಉಳಿಯುತ್ತದೆ. ಆದ್ದರಿಂದ ಹಾರೆಯಿಂದ ಗುಂಡಿಯ ಪಕ್ಕಗಳನ್ನೂ ತಳವನ್ನೂ ಮೀಟಿ ಬಿರುಕು ಬಿಡಿಸಬೇಕು. ತುಂಬಿದ ಮಣ್ಣು ಕುಸಿಯುವುದರಿಂದ ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಏರಿಸಿ ನೆಡಬೇಕು. ಜಡಿಮಳೆಯ ನಡುವೆ ನೆಡುವ ಬದಲು ಮೊದಲ ಮಳೆಗೆ ನೆಲ ನೆನೆದ ಕೂಡಲೇ ನೆಟ್ಟರೆ, ಆರ್ಭಟ ಶುರುವಾಗುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

ವಿಜಯಪುರ, ಬಾಗಲಕೋಟೆಯ ಎರೆಭೂಮಿಯ ಕಷ್ಟ ಬೇರೆ. ಅದು ನೀರು ಹಿಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಬಿರುಕು ಬಿಡುವಾಗ ಎಳೆಬೇರುಗಳು ಹರಿಯುತ್ತವೆ, ಆ ಸೀಳಿನಿಂದ ಆಳದ ತೇವವೂ ಆರಿಹೋಗುತ್ತದೆ. ಅಲ್ಲಿ ಪಾತಿಯ ಮಣ್ಣನ್ನು ಆಗಾಗ ಕೆದಕಿ ಬಿರುಕು ಮುಚ್ಚುವುದೇ ಒಂದು ನೀರಾವರಿ. ನೆಡುವ ಕಾಲವೂ ಬೇರೆ: ಆ ಭಾಗದಲ್ಲಿ ಸೆಪ್ಟೆಂಬರ್‌ನ ಮಳೆಯೇ ಜೋರು, ಜೂನ್‌ನ ಮಳೆಯನ್ನು ನಂಬಿ ಕೂರುವಂತಿಲ್ಲ. ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಅಷ್ಟೇ ಬೇಗ ಜಾರಿ ಹೋಗುತ್ತದೆ. ಅಲ್ಲಿ ಕೊಟ್ಟಿಗೆ ಗೊಬ್ಬರವೇ ತೇವ ಹಿಡಿದಿಡುವ ಆಸರೆ.

ಮೂರೂ ಕಡೆಗೆ ಸಲ್ಲುವ ಮಾತು ಒಂದಿದೆ. ಗುಂಡಿ ತೋಡಬೇಕಾದದ್ದು ಏಪ್ರಿಲ್‌–ಮೇ ತಿಂಗಳಲ್ಲಿ. ಬಿಸಿಲು ಬಿದ್ದರೆ ಹುಳು, ರೋಗಾಣು ಕಡಿಮೆಯಾಗುತ್ತವೆ. ಮೇಲ್ಮಣ್ಣನ್ನು ಬೇರೆಯಾಗಿ ಹಾಕಿಕೊಂಡು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20 ಕಿಲೋದಷ್ಟು ಸೇರಿಸಿ ಅದನ್ನೇ ಮೊದಲು ತುಂಬಬೇಕು. ಕಳಿಯದ ಹಸಿಗೊಬ್ಬರ ಗೆದ್ದಲನ್ನು ಕರೆಯುತ್ತದೆ. ಗೆದ್ದಲಿನ ಕಾಟವಿರುವಲ್ಲಿ ಬೇವಿನ ಹಿಂಡಿ ಬೆರೆಸುವುದು ಒಳ್ಳೆಯದು. ಮೊದಲ ವರ್ಷ ಯೂರಿಯಾ ಸುರಿದು ಗಿಡವನ್ನು ಮೇಲಕ್ಕೆ ಎಬ್ಬಿಸುವುದು ಬೇಡ. ಎಲೆ ಹೆಚ್ಚಿದಷ್ಟೂ ನೀರಿನ ಬಾಯಾರಿಕೆ ಹೆಚ್ಚು, ಅದನ್ನು ತಣಿಸಲು ಕೆಳಗೆ ಬೇರು ಸಿದ್ಧವಾಗಿರುವುದಿಲ್ಲ.

ಓಡುವ ಮಳೆಯನ್ನು ಬುಡಕ್ಕೆ ತಿರುಗಿಸುವುದು

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗಿಡದ ಮೇಲ್ಭಾಗದ ಇಳಿಜಾರಿನಲ್ಲಿ 50 ಚದರ ಮೀಟರ್ ಜಾಗವಿದ್ದು 10 ಮಿಲಿಮೀಟರ್ ಮಳೆಯಾದರೆ 500 ಲೀಟರ್. ಅದರಲ್ಲಿ ಮೂರನೇ ಒಂದು ಭಾಗ ಹರಿದು ಗಿಡದ ಬುಡ ಸೇರಿದರೂ 160 ಲೀಟರಿಗೆ ಮೋಸವಿಲ್ಲ. ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಒಡ್ಡು ಹಾಕಿದರೆ ಆ ನೀರು ನಿಂತು ಇಂಗುತ್ತದೆ.

ಈ ಲೆಕ್ಕದ ಮೇಲೆ ಮರುಭೂಮಿಯಲ್ಲಿ ತೋಟಗಳೇ ಎದ್ದಿವೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ನಬಾಟಿಯನ್ ಜನ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಕಾಲುವೆಗಳಿಂದ ಕಣಿವೆಯ ಹೊಲಕ್ಕೆ ಇಳಿಸುತ್ತಿದ್ದರು. ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ ಮತ್ತು ಜೊತೆಗಾರರು 1950ರ ದಶಕದ ಕೊನೆಯಲ್ಲಿ ಅವ್ದಾತ್ ಎಂಬಲ್ಲಿ ಆ ಹಳೆಯ ಕಟ್ಟೆಗಳನ್ನು ಮತ್ತೆ ಕಟ್ಟಿ, ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲೇ ಬಾದಾಮಿ, ದ್ರಾಕ್ಷಿಯಂಥ ಬೆಳೆ ತೆಗೆದರು. ಸಾಗುವಳಿಯ ಒಂದೊಂದು ಎಕರೆಗೆ ನೀರು ಕೊಡಲು ಇಪ್ಪತ್ತು ಎಕರೆಗೂ ಮಿಕ್ಕಿದ ಬೋಳುಬೆಟ್ಟ ಬೇಕಾಯಿತು. ಅಲ್ಲಿ ಬೆಟ್ಟವೇ ಅವರ ಬಾವಿ.

ನಮ್ಮ ಬಳಿಯಲ್ಲೇ ಉದಾಹರಣೆ ಇದೆ. ಹಳಿಯಾಳ, ಮುಂಡಗೋಡಗಳಿಗೆ ಹೊಂದಿಕೊಂಡ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದ ಸುತ್ತ ಬೈಫ್ ಸಂಸ್ಥೆ ಮಳೆಯಾಶ್ರಿತ ಹೊಲಗಳಲ್ಲಿ ಮರ ಆಧರಿತ ಕೃಷಿಯನ್ನು ಬೆಳೆಸಿದೆ. ಮಣಿಭಾಯಿ ದೇಸಾಯಿ ಅವರು ಪುಣೆ ಬಳಿಯ ಉರಳಿಕಾಂಚನದಲ್ಲಿ 1967ರಲ್ಲಿ ಕಟ್ಟಿದ ಸಂಸ್ಥೆ ಇದು. ಗುಜರಾತಿನ ವಾಂಸ್ದಾದ ಆದಿವಾಸಿ ಕುಟುಂಬಗಳೊಂದಿಗೆ 1982ರಲ್ಲಿ ಆರಂಭಿಸಿದ ‘ವಾಡಿ’ ಪದ್ಧತಿಯಿಂದ ಅದು ಹೆಸರಾಯಿತು: ಎಕರೆ ಹೊಲದಲ್ಲಿ ಮಾವು, ಗೇರು, ಅಂಚಿಗೆ ಕಾಡುಮರಗಳ ಸಾಲು, ನಡುವೆ ಎಂದಿನ ಬೆಳೆ. ಸೂರಶೆಟ್ಟಿಕೊಪ್ಪದ ಕಡೆ ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ತೋಡಿ, ಅದರ ಮಣ್ಣಿನಿಂದಲೇ ಬದು ಹಾಕಿ, ಹೊಲದ ನೀರು ಕೃಷಿಹೊಂಡ ಸೇರುವಂತೆ ಮಾಡಿ ಮರಗಳನ್ನು ಕೂರಿಸಿದರು. ಮೊದಲ ವರ್ಷಗಳಲ್ಲಿ ಹೊಲದ ಬೆಳೆ ಮನೆಯ ಊಟಕ್ಕೆ, ನಂತರದ ವರ್ಷಗಳಲ್ಲಿ ಮರ ಕೈಕಾಸಿಗೆ. ಮರಕ್ಕೆ ಬೇಕಾದ ತಾಳ್ಮೆಯನ್ನು ಬಡ ಕುಟುಂಬಕ್ಕೆ ಸಾಧ್ಯವಾಗಿಸಿದ್ದೇ ಈ ಏರ್ಪಾಟಿನ ದೊಡ್ಡ ಗುಣ.

ಗಡಿಗೆಯ ಲೆಕ್ಕ

ಮಳೆ ನಿಂತ ಮೇಲೆ ಕೈನೀರು ಕೊಡಲೇಬೇಕು. ಎಷ್ಟು? ಒಂದು ಸಸಿಗೆ ವಾರಕ್ಕೆ 20 ಲೀಟರ್ ಎಂದರೆ ಡಿಸೆಂಬರ್‌ನಿಂದ ಮೇವರೆಗಿನ 25 ವಾರಕ್ಕೆ 500 ಲೀಟರ್. ಐವತ್ತು ಸಸಿಗೆ 25 ಸಾವಿರ ಲೀಟರ್. ಕೊಡ ಹೊತ್ತು ನೀರು ತರುವ ಮನೆಗೆ ಈ ಸಂಖ್ಯೆ ಸಣ್ಣದಲ್ಲ. ಮೇಲೆ ಸುರಿದ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆಂಬುದು ಇನ್ನೂ ನೋವಿನ ಸಂಗತಿ.

ದಿನವೂ ಒಂದು ಚೊಂಬು ನೀರು ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಅದರಲ್ಲಿ ಅಕ್ಕರೆ ಇದೆ, ಆದರೆ ಗಿಡಕ್ಕೆ ಕೇಡು. ಮೇಲಿನ ಎರಡು ಬೆರಳು ಮಣ್ಣಷ್ಟೇ ನೆನೆಯುವುದರಿಂದ ಬೇರು ಮೇಲೆಯೇ ಹರಡಿಕೊಳ್ಳುತ್ತದೆ. ಒಂದು ವಾರ ನೀರು ತಪ್ಪಿದರೆ ಸಾಕು, ಗಿಡ ಬಾಡುತ್ತದೆ. ಎಂಟು–ಹತ್ತು ದಿನಕ್ಕೊಮ್ಮೆ, ಆಳಕ್ಕೆ ಇಳಿಯುವಷ್ಟು, ಬುಡದಿಂದ ಒಂದಡಿ ದೂರದ ಪಾತಿಯಲ್ಲಿ ನೀರು ಕೊಟ್ಟರೆ ಬೇರು ಅದನ್ನು ಹುಡುಕಿಕೊಂಡು ಕೆಳಗೂ ಹೊರಗೂ ಹೋಗುತ್ತದೆ. ನೀರು ಬೇಕೋ ಬೇಡವೋ ಎಂದು ತಿಳಿಯಲು ಗೇಣುದ್ದ ಕೆದಕಿ ಮಣ್ಣು ಮುಟ್ಟಿ ನೋಡುವುದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ನೀರು ತೀರ ಕಡಿಮೆ ಇರುವಲ್ಲಿ ಮಣ್ಣಿನ ಗಡಿಗೆಯೇ ಸರಿ. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ಕೃಷಿಗ್ರಂಥ ಫಾನ್ ಷೆಂಗ್‌ಚಿ ಷುನಲ್ಲಿಯೇ ಈ ಕ್ರಮದ ವಿವರ ಇದೆ. ಏಳೆಂಟು ಲೀಟರ್ ಹಿಡಿಯುವ, ಬಣ್ಣವಾಗಲಿ ಹೊಳಪಾಗಲಿ ಬಳಿಯದ ಗಡಿಗೆಯನ್ನು ಸಸಿಯಿಂದ ಒಂದು–ಒಂದೂವರೆ ಅಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಬೇಕು. ಗಡಿಗೆಯ ಗೋಡೆಯ ಸೂಕ್ಷ್ಮರಂಧ್ರಗಳಿಂದ ಒಣ ಮಣ್ಣು ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ತೇವವಾದಾಗ ಎಳೆತ ತಗ್ಗಿ ನೀರು ಇಳಿಯುವುದೂ ನಿಧಾನವಾಗುತ್ತದೆ. ಗಿಡ ಕುಡಿದಷ್ಟೇ ಖರ್ಚು. ವಾರಕ್ಕೆ ಏಳು ಲೀಟರ್ ಎಂದರೂ 25 ವಾರಕ್ಕೆ 175 ಲೀಟರ್. ಮೇಲೆ ಸುರಿಯುವ ಲೆಕ್ಕದ ಮೂರನೇ ಒಂದು ಭಾಗದ ಸುತ್ತಮುತ್ತ. ಬೇರು ಗಡಿಗೆಯನ್ನು ಅಪ್ಪಿಕೊಂಡು ಒಂದಡಿ ಆಳದ ಕೆಳಗೇ ಬೆಳೆಯುವುದು ಇನ್ನೊಂದು ಲಾಭ.

ಬೋರ್‌ವೆಲ್ ಇದ್ದವರು ಹನಿ ನೀರಾವರಿ ಮಾಡುತ್ತಾರೆ, ಸರಿಯೇ. ಆದರೆ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು, ಉಪ್ಪು. ನೀರು ಆವಿಯಾಗಿ ಹೋದರೂ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಪಾತಿಯ ಅಂಚಿನಲ್ಲಿ ಬಿಳಿ ಪದರ ಕಾಣತೊಡಗಿದರೆ ಅದು ಎಚ್ಚರಿಕೆ. ಆಗೊಮ್ಮೆ ಈಗೊಮ್ಮೆ ಹೆಚ್ಚು ನೀರು ಕೊಟ್ಟು ಉಪ್ಪನ್ನು ಬೇರಿನ ಕೆಳಗೆ ತಳ್ಳಬೇಕು, ಮಳೆನೀರು ಪಾತಿಯಲ್ಲಿ ನಿಂತು ಇಂಗುವಂತೆ ನೋಡಿಕೊಳ್ಳಬೇಕು.

ಹೊದಿಕೆ, ನೆರಳು, ಬೇಲಿ

ಬರಿ ನೆಲಕ್ಕೆ ಏಪ್ರಿಲ್ ಬಿಸಿಲು ಬಿದ್ದರೆ ಮೇಲ್ಮಣ್ಣಿನ ಶಾಖ ಗಾಳಿಯ ಶಾಖವನ್ನೂ ಮೀರುತ್ತದೆ. ಆ ಮಣ್ಣಿನಲ್ಲಿ ಎಳೆಬೇರು ಬೇಯುತ್ತದೆ. ನಾಲ್ಕೈದು ಬೆರಳು ದಪ್ಪದ ಒಣ ಎಲೆ, ಹುಲ್ಲು, ಭತ್ತದ ಹೊಟ್ಟಿನ ಹೊದಿಕೆ ನೆಲವನ್ನು ತಂಪಾಗಿಡುತ್ತದೆ, ತೇವವನ್ನು ಕಾಯುತ್ತದೆ. ಕಾಡಿನ ಸೀಮೆಯಲ್ಲಿ ದರಕಿಗೆ ಬರವಿಲ್ಲ. ಅಲ್ಲಿರುವ ಭಯ ಬೆಂಕಿಯದು. ಫೆಬ್ರುವರಿಗೆ ಮೊದಲೇ ತೋಟದ ಸುತ್ತ ಹುಲ್ಲು ಸವರಿ ಬೆಂಕಿರೇಖೆ ಮಾಡದಿದ್ದರೆ ಹೊದಿಕೆಯೇ ಉರುವಲಾಗುತ್ತದೆ. ಗೆದ್ದಲು, ಕೊಳೆ ತಾಗದಂತೆ ಕಾಂಡದ ಸುತ್ತ ಒಂದು ಗೇಣು ಜಾಗವನ್ನು ಖಾಲಿ ಬಿಡಬೇಕು.

ಮಧ್ಯಾಹ್ನದ ನಂತರದ ಬಿಸಿಲೇ ಸಸಿಗೆ ಹೆಚ್ಚು ಅಪಾಯ. ಪಶ್ಚಿಮಕ್ಕೂ ನೈಋತ್ಯಕ್ಕೂ ತೆಂಗಿನ ಗರಿಯ ಅಥವಾ ಸೊಪ್ಪಿನ ಒಂದು ಮರೆ ಕಟ್ಟಿದರೆ ಸಾಕು, ಬೆಳಗಿನ ಬಿಸಿಲು ಗಿಡಕ್ಕೆ ಬೇಕು. ತೊಗಟೆ ಸುಡದಂತೆ ಕಾಂಡಕ್ಕೆ ಸುಣ್ಣದ ತಿಳಿ ಬಳಿಯುವುದೂ ಹಳೆಯ ಒಳ್ಳೆಯ ರೂಢಿ. ಬಯಲಿನಲ್ಲಿ ಬಿಸಿಗಾಳಿ ಎಲೆಯಿಂದ ನೀರನ್ನು ಹೀರುತ್ತದೆ. ಅಲ್ಲಿ ಗ್ಲಿರಿಸಿಡಿಯಾ, ಬಂದರಿಕೆಯಂಥ ಗಿಡಗಳ ಬೇಲಿಯನ್ನು ಹಣ್ಣಿನ ಗಿಡಕ್ಕಿಂತ ಒಂದು ವರ್ಷ ಮೊದಲೇ ಎಬ್ಬಿಸಿದರೆ ಗಾಳಿಗೂ ತಡೆ, ದನಕ್ಕೂ ತಡೆ, ಹೊದಿಕೆಗೆ ಸೊಪ್ಪೂ ಸಿಗುತ್ತದೆ. ಜೋಯಿಡಾ, ಹಳಿಯಾಳದ ಕಾಡಂಚಿನಲ್ಲಿ ಜಿಂಕೆ, ಕಾಡುಕೋಣಗಳ ಬಾಯಿಗೆ ಎಳೆಚಿಗುರು ಸಿಗದಂತೆ ಒಂದೊಂದು ಗಿಡಕ್ಕೂ ಮುಳ್ಳಿನ ಕಟ್ಟು ಬೇಕಾಗುತ್ತದೆ. ಬೇಸಿಗೆ ಗೆದ್ದ ಗಿಡವನ್ನು ಒಂದು ರಾತ್ರಿಯ ಮೇವಿಗೆ ಕಳೆದುಕೊಳ್ಳುವ ಸಂಕಟ ಕಾಡಂಚಿನ ರೈತರಿಗೆ ಚೆನ್ನಾಗಿ ಗೊತ್ತು.

ಕಸಿ ಗಿಡದಲ್ಲಿ ಇನ್ನೆರಡು ಎಚ್ಚರ. ಕಸಿಯ ಗಂಟಿನ ಕೆಳಗೆ ಹೊಡೆಯುವ ಚಿಗುರನ್ನು ಕಂಡಕೂಡಲೇ ಚಿವುಟಬೇಕು, ಇಲ್ಲವಾದರೆ ಬೇಕಾದ ತಳಿ ಸೊರಗಿ ಕಾಡುಗಿಡ ಉಳಿಯುತ್ತದೆ. ಕಸಿ ಮಾವು ಎರಡನೇ ವರ್ಷವೇ ಹೂ ಬಿಡಬಹುದು. ಮನಸ್ಸು ಗಟ್ಟಿ ಮಾಡಿ ಆ ಹೂವನ್ನೂ ತೆಗೆಯಬೇಕು. ಮೂರು ವರ್ಷದವರೆಗೆ ಗಿಡದ ಶಕ್ತಿಯೆಲ್ಲ ಬೇರಿಗೆ ಮತ್ತು ರೆಂಬೆಗೆ ಸಲ್ಲಲಿ.

ಬೇಸಿಗೆಯನ್ನು ಬಲ್ಲ ಮರಗಳು

ಕೆಲವು ಮರಗಳು ಬೇಸಿಗೆಯೊಂದಿಗೆ ಹೋರಾಡುವುದೇ ಇಲ್ಲ, ಅದನ್ನು ಮಲಗಿ ಕಳೆಯುತ್ತವೆ. ಬಾರೆ ಬಿಸಿಲು ಏರುತ್ತಿದ್ದಂತೆ ಎಲೆ ಉದುರಿಸಿ ಸುಮ್ಮನಾಗುತ್ತದೆ. ಮಳೆಗೆ ಚಿಗುರಿ, ಮಳೆಗಾಲದ ಕೊನೆಗೆ ಹೂ ಬಿಟ್ಟು, ಚಳಿಗಾಲದಲ್ಲಿ ಹಣ್ಣು ಕೊಟ್ಟು ಮುಗಿಸುತ್ತದೆ. ನೀರಿರುವ ತಿಂಗಳುಗಳೊಳಗೇ ಅದರ ವರ್ಷದ ಕೆಲಸವೆಲ್ಲ ಆಗಿಹೋಗುತ್ತದೆ. ಸೀತಾಫಲವೂ ಹೀಗೆ ಎಲೆ ಉದುರಿಸಿ ಬೇಸಿಗೆ ಕಳೆಯುತ್ತದೆ. ಹುಣಸೆ, ನೆಲ್ಲಿ, ನೇರಳೆ, ಬೇಲದ ಮರಗಳಿಗೂ ಒಮ್ಮೆ ಬೇರೂರಿದ ಮೇಲೆ ನೀರು ಹೊತ್ತು ಹಾಕಬೇಕಿಲ್ಲ.

ಆದರೆ ಒಣಹವೆಗೆ ಒಗ್ಗಿದ ಮರವೆಂದು ಒಂದನ್ನೇ ನಂಬಿ ಕೂರುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ದಾಳಿಂಬೆಯ ಏರಿಳಿತ ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ದಾಳಿಂಬೆ ಒಣಹವೆಯ ಗಿಡವೇ. ಆದರೆ ಕೊಳವೆಬಾವಿಯ ನಂಬಿಕೆಯಲ್ಲಿ ಒಂದೇ ತಳಿಯನ್ನು ಊರ ತುಂಬ ಹಾಕಿದಾಗ ಬಾಗಲಕೋಟೆ, ವಿಜಯಪುರ, ಕೊಪ್ಪಳದ ತೋಟಗಳನ್ನು ದುಂಡಾಣು ಅಂಗಮಾರಿ ನೆಲಕಚ್ಚಿಸಿತು. ಒಂದೆಕರೆಯಲ್ಲಿ ಐದಾರು ಜಾತಿಯ ಮರಗಳಿದ್ದರೆ ಒಂದು ಕೈಕೊಟ್ಟ ವರ್ಷ ಇನ್ನೊಂದು ಹಿಡಿದುಕೊಳ್ಳುತ್ತದೆ. ಕುಂಬಾರವಾಡ ಕಡೆಯ ಹಿತ್ತಲುಗಳಲ್ಲಿ ಹಲಸು, ಮಾವು, ಮುರುಗಲು, ಗೇರು, ಬಾಳೆ ಒಟ್ಟಿಗೆ ನಿಂತಿರುವುದರ ಹಿಂದೆ ಇದೇ ವಿವೇಕವಿದೆ. ಬಾಳೆ, ಎತ್ತರದ ಮರಗಳ ಮಗ್ಗುಲಲ್ಲಿ ಹುಟ್ಟಿದ ಸಸಿಗೆ ಮರೆ ಕಟ್ಟುವವರು ಬೇಕಿಲ್ಲ. ಹಿತ್ತಲಿನಲ್ಲಿ ಮೊದಲು ನೆರಳು, ಆಮೇಲೆ ಹಣ್ಣು.

ಎಣಿಸಬೇಕಾದ ದಿನ

ಕೆ.ಎಂ. ಮುನ್ಷಿ ಅವರು 1950ರಲ್ಲಿ ವನಮಹೋತ್ಸವ ಆರಂಭಿಸಿದಂದಿನಿಂದ ನಮ್ಮ ಶಾಲೆ, ಪಂಚಾಯತಿ, ಸಂಘಗಳು ಪ್ರತಿ ಮಳೆಗಾಲದಲ್ಲೂ ಸಸಿ ನೆಡುತ್ತಿವೆ. ನೆಟ್ಟವರ ಶ್ರದ್ಧೆ ದೊಡ್ಡದು. ಆದರೆ ವರದಿಯಲ್ಲಿ ಬರೆಯುವ ಸಂಖ್ಯೆ ಜೂನ್–ಜುಲೈನಲ್ಲಿ ನೆಟ್ಟ ಸಸಿಗಳದು. ನೂರು ಸಸಿ ಹಂಚಿದೆವೆಂಬ ಸುದ್ದಿಯ ಬದಲು, ಎರಡನೇ ಮೇ ತಿಂಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವ ಪದ್ಧತಿ ಬಂದರೆ ಉಳಿದೆಲ್ಲವೂ ತಾನಾಗಿ ಬದಲಾಗುತ್ತದೆ. ಗುಂಡಿ ಬೇಸಿಗೆಯಲ್ಲೇ ತೋಡಿರುತ್ತದೆ. ನರ್ಸರಿಯಲ್ಲಿ ಚೀಲದ ತಳ ನೋಡುವ ಅಭ್ಯಾಸ ಬರುತ್ತದೆ. ಸಸಿಯ ಹಣದ ಜೊತೆಗೆ ಗಡಿಗೆಗೂ ಬೇಲಿಗೂ ಎರಡು ಬೇಸಿಗೆಯ ಕೂಲಿಗೂ ಹಣ ಇಡಬೇಕೆಂಬುದು ಬಜೆಟ್ಟಿನಲ್ಲಿ ಕಾಣುತ್ತದೆ.

ಒಂದು ಮನೆ ಇವತ್ತೇ ಶುರು ಮಾಡಬಹುದಾದದ್ದು ಇಷ್ಟು: ನಿಮ್ಮ ಮನೆಯವರು ಬೇಸಿಗೆ ಪೂರ್ತಿ ನೀರು ಹೊರಬಲ್ಲ ಗಿಡಗಳೆಷ್ಟು ಎಂದು ಲೆಕ್ಕ ಹಾಕಿ, ಅಷ್ಟನ್ನೇ ನೆಡಿ. ಅದು ಐದೇ ಆಗಿದ್ದರೂ ಚಿಂತೆಯಿಲ್ಲ. ನೆಟ್ಟು ಕಳೆದುಕೊಂಡ ಐವತ್ತಕ್ಕಿಂತ ಎರಡು ಬೇಸಿಗೆ ದಾಟಿದ ಐದು ಗಿಡ ಹೆಚ್ಚು, ಏಕೆಂದರೆ ಮೂರನೆಯ ಬೇಸಿಗೆಗೆ ಅವುಗಳ ಗಡಿಗೆಯನ್ನು ತೆಗೆದು ಮುಂದಿನ ಐದಕ್ಕೆ ಹೂಳಬಹುದು.